ಅಂಗಾಂಶ ವರ್ಣಲೇಪನದಲ್ಲಿ ನೀರಿನ ಗುಣ: ಚರಿತ್ರೆ

ದೇಹದಿಂದ ತೆಗೆದ ಅಂಗಾಂಶವನ್ನು ಮೇಣದಲ್ಲಿ ಹುದುಗಿಸಿ, ಮೂರು ನಾಲ್ಕು ಮೈಕ್ರಾನ್ ದಪ್ಪಕ್ಕೆ ಕೊಯ್ದು, ಸ್ಲೈಡಿಗೆ ಅಂಟಿಸಿ ಬಣ್ಣ ಹಿಡಿಸುವ ವಿಧಾನವೇ ವರ್ಣಲೇಪನ. ಲ್ಯಾಬಿನವರ ಮಾತಿನಲ್ಲಿ ಸ್ಟೇನಿಂಗ್. ಕೊಯ್ದ ಪದರದ ಸುಕ್ಕು ಬಿಡಿಸಿ ತೇಲಿಸಲು, ಬಣ್ಣ ಕರಗಿಸಲು, ಹೆಚ್ಚಾದದ್ದನ್ನು ತೊಳೆಯಲು ಇಲ್ಲಿ ನೀರು ಬೇಕೇ ಬೇಕು. ಆ ನೀರಿನ ಆಮ್ಲತೆ, ಗಡಸುತನ, ಅದರಲ್ಲಿರುವ ಕ್ಲೋರಿನ್, ಕಬ್ಬಿಣ, ಸೂಕ್ಷ್ಮಜೀವಿಗಳು ಫಲಿತಾಂಶವನ್ನು ತಿದ್ದಬಲ್ಲವು, ಕೆಡಿಸಲೂಬಲ್ಲವು. ಆದರೂ ವರ್ಣಲೇಪನದ ಚರಿತ್ರೆಯೆಂದರೆ ಬಣ್ಣಗಳ ಚರಿತ್ರೆ ಎಂದೇ ಬರೆಯುವುದು ರೂಢಿ. ನೀರು ಬಹುಕಾಲ ಲೆಕ್ಕಕ್ಕೆ ಬರಲಿಲ್ಲ.

ಇಂದಿಗೂ ಬಯಾಪ್ಸಿ ಪರೀಕ್ಷೆಯ ಮೊದಲ ಹೆಜ್ಜೆ ಹಿಮಟಾಕ್ಸಿಲಿನ್ ಮತ್ತು ಇಯೊಸಿನ್ ಎಂಬ ಬಣ್ಣಗಳ ಜೋಡಿ. ಹಿಮಟಾಕ್ಸಿಲಿನ್ ಸಿಗುವುದು ಮೆಕ್ಸಿಕೊದ ಕಂಪೇಚೆ ಸೀಮೆಯ ಹೆಸರು ಹೊತ್ತ ಮರವೊಂದರ ಚೇಗಿನಿಂದ. 1865ರಲ್ಲಿ ಬೋಮರ್ ಅದಕ್ಕೆ ಪಟಿಕ ಸೇರಿಸಿದ. ಪಟಿಕದ ಅಲ್ಯುಮಿನಿಯಂ ಬಣ್ಣವನ್ನು ಕೋಶಕೇಂದ್ರಕ್ಕೆ ಕಚ್ಚಿಸಿತು. 1876ರಲ್ಲಿ ವಿಸ್ಸೋಟ್ಸ್ಕಿ ಇಯೊಸಿನ್ನನ್ನು ಜೊತೆಗೂಡಿಸಿದ. ಪಟಿಕದ ಈ ದ್ರಾವಣ ಆಮ್ಲೀಯವಾದ್ದರಿಂದ ಅದರಿಂದ ಹೊರಬಂದ ಅಂಗಾಂಶ ಮೊದಲು ಕೆಂಗಂದು ಬಣ್ಣದಲ್ಲಿರುತ್ತದೆ. ತುಸು ಕ್ಷಾರೀಯವಾದ ನೀರಿನಲ್ಲಿ ತೊಳೆದಾಗ ಕೋಶಕೇಂದ್ರಗಳು ನೀಲಿಗೆ ತಿರುಗುತ್ತವೆ. ಅರಿಸಿನದ ನೀರಿಗೆ ಸುಣ್ಣ ಬಿದ್ದು ಓಕುಳಿ ಕೆಂಪಾಗುವಂಥದೇ ರಸಾಯನ ಇದು. ಬ್ಲೂಯಿಂಗ್ ಎಂದು ಕರೆಯುವ ಈ ಹಂತಕ್ಕೆ ಹಳೆಯ ಕೈಪಿಡಿಗಳು ಸೂಚಿಸುತ್ತಿದ್ದುದು ಹರಿಯುವ ನಲ್ಲಿ ನೀರನ್ನು.

ಯಾವ ಊರಿನ ನಲ್ಲಿ? ತೊಡಕು ಇದ್ದದ್ದೇ ಇಲ್ಲಿ. ಲಂಡನ್ನಿನ ನೀರು ಸುಣ್ಣಕಲ್ಲಿನ ನೆಲದ ಸಂಪರ್ಕದಿಂದ ಗಡಸಾದದ್ದು. ಅದರ ಬೈಕಾರ್ಬೊನೇಟ್‌ನಿಂದಲೇ ಕೋಶಕೇಂದ್ರ ನೀಲಿಯಾಗುತ್ತದೆ. ಗ್ಲಾಸ್ಗೋ ನಗರಕ್ಕೆ 1859ರಿಂದ ಕ್ಯಾಟ್ರಿನ್ ಸರೋವರದಿಂದ ಬರುತ್ತಿರುವ ನೀರು ತೀರ ಮೆದು. ಅಂಥ ನೀರಿನಲ್ಲಿ ತೊಳೆದರೆ ನೀಲಿ ಬರುವುದು ತಡ, ಬಂದರೂ ಮಂಕು. ನಲ್ಲಿ ನೀರಿನಲ್ಲಿ ತೊಳೆಯಿರಿ ಎಂದ ಪಾಕಪಟ್ಟಿಯಲ್ಲಿ ಬರೆದವನ ಊರಿನ ನೀರೂ ಸೇರಿಕೊಂಡಿರುತ್ತಿತ್ತು. ಅದು ಅವನಿಗೂ ಗೊತ್ತಿರಲಿಕ್ಕಿಲ್ಲ. ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ಎಸ್. ಜಿ. ಸ್ಕಾಟ್ ಹೆಸರಿನಲ್ಲಿ ಬಳಕೆಗೆ ಬಂದ ದ್ರಾವಣ ಇದಕ್ಕೆ ಉತ್ತರ ಕೊಟ್ಟಿತು. ಇಂದು ಚಾಲ್ತಿಯಲ್ಲಿರುವ ಒಂದು ಅಳತೆಯಂತೆ ಒಂದು ಲೀಟರ್ ನೀರಿಗೆ 20 ಗ್ರಾಂ ಮೆಗ್ನೀಸಿಯಂ ಸಲ್ಫೇಟ್, 3.5 ಗ್ರಾಂ ಅಡುಗೆ ಸೋಡ. ಗಡಸು ನಲ್ಲಿ ನೀರನ್ನು ಬಾಟಲಿಯಲ್ಲಿ ಕೃತಕವಾಗಿ ಕಟ್ಟಿಕೊಡುವ ಉಪಾಯ ಇದು. ಲಿಥಿಯಂ ಕಾರ್ಬೊನೇಟ್, ಅಮೋನಿಯ ಬೆರೆಸಿದ ನೀರು ಕೂಡ ಬಳಕೆಯಲ್ಲಿವೆ. ಅಮೋನಿಯ ಜಾಸ್ತಿಯಾದರೆ ಪದರವೇ ಸ್ಲೈಡಿನಿಂದ ಕಿತ್ತುಬರುವುದುಂಟು.

ಕರ್ನಾಟಕದಲ್ಲೂ ಇದೇ ವ್ಯತ್ಯಾಸವಿದೆ. ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಬೋರ್‌ವೆಲ್ ನೀರು ಗಡಸು. ಬ್ಲೂಯಿಂಗ್‌ಗೆ ಒದಗುತ್ತದೆ, ಆದರೆ ಒಣಗಿದ ಗಾಜಿನ ಮೇಲೆ ಬಿಳಿ ಕಲೆ ಬಿಡುತ್ತದೆ. ಕರಾವಳಿಯ ಮುರಕಲ್ಲಿನ ನೆಲದ ಬಾವಿನೀರು ಸಾಮಾನ್ಯವಾಗಿ ಮೆದು, ಆಮ್ಲದ ಕಡೆ ವಾಲಿದ್ದು.

1908ರಲ್ಲಿ ಅಮೆರಿಕದ ಜರ್ಸಿ ಸಿಟಿಯಲ್ಲಿ ಊರಿನ ನೀರಿಗೆ ಸತತವಾಗಿ ಕ್ಲೋರಿನ್ ಬೆರೆಸತೊಡಗಿದರು. ಕ್ರಮೇಣ ಅದು ಎಲ್ಲೆಡೆ ರೂಢಿಯಾಯಿತು. ಜನರ ಆರೋಗ್ಯಕ್ಕೆ ಒಳಿತಾದ ಈ ಕ್ರಮ ಹಿಮಟಾಕ್ಸಿಲಿನ್‌ಗೆ ಒಗ್ಗದು. ಕ್ಲೋರಿನ್ ಹೆಚ್ಚಿರುವ ನೀರಿನಲ್ಲಿ ಹೊತ್ತು ಮೀರಿ ಬಿಟ್ಟ ಸ್ಲೈಡಿನ ನೀಲಿ ಮಾಸುತ್ತದೆ. ಇಯೊಸಿನ್ನಿನ ಸ್ವಭಾವ ಕ್ಷಾರ ಬೇಡುವ ಹಿಮಟಾಕ್ಸಿಲಿನ್‌ಗೆ ತಿರುಗುಮುರುಗು: ಅದಕ್ಕೆ ತುಸು ಆಮ್ಲೀಯ ಪರಿಸರವೇ ಬೇಕು. ಬ್ಲೂಯಿಂಗ್‌ನ ಕ್ಷಾರ ಸರಿಯಾಗಿ ತೊಳೆದುಹೋಗದಿದ್ದರೆ ಗುಲಾಬಿ ಬಣ್ಣ ಸಪ್ಪೆಯಾಗುತ್ತದೆ.

ನೀರಿನ ಆಮ್ಲತೆಯನ್ನು ಅಳೆದು ನಿಗದಿಪಡಿಸಬೇಕೆಂಬ ಅರಿವು ತೀವ್ರವಾದದ್ದು ಅಂಗಾಂಶಕ್ಕಿಂತ ಹೆಚ್ಚಾಗಿ ರಕ್ತದ ಲೇಪಗಳಲ್ಲಿ, ಮಲೇರಿಯಾದ ದೆಸೆಯಿಂದ. 1891ರಲ್ಲಿ ರೊಮಾನೊವ್ಸ್ಕಿ ಮೆಥಿಲೀನ್ ಬ್ಲೂ ಮತ್ತು ಇಯೊಸಿನ್ ಬೆರೆಸಿ ಪರಾವಲಂಬಿಯ ಕೇಂದ್ರ ಕೆನ್ನೇರಳೆಯಾಗಿ ಕಾಣುವಂತೆ ಮಾಡಿದ. ಲೀಶ್ಮನ್ (1901), ರೈಟ್ (1902), ಗೀಮ್ಸಾ (1904) ಅದನ್ನು ಪಳಗಿಸಿದರು. ಬಾಟಲಿಯ ಬಣ್ಣವನ್ನು ಸ್ಲೈಡಿಗೆ ಬಳಸುವಾಗ ನೀರು ಬೆರೆಸಲೇಬೇಕು, ಮತ್ತು ಆ ನೀರು ಸ್ವಲ್ಪ ಆಮ್ಲೀಯವಾದರೂ ಕೆಂಪು ರಕ್ತಕಣಗಳು ಢಾಳಾಗಿ ಗುಲಾಬಿಯಾಗಿ ಕೇಂದ್ರಗಳು ಮಸುಕಾಗುತ್ತವೆ. ಕ್ಷಾರೀಯವಾದರೆ ಎಲ್ಲವೂ ನೀಲಿಬೂದು. ಬಟ್ಟಿ ಇಳಿಸಿದ ನೀರಾದರೂ ತಟಸ್ಥವಾಗಿರುತ್ತದೆಯೇ ಎಂದರೆ, ಇಲ್ಲ. ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಅದರ ಪಿಎಚ್ 5.6ರ ಆಸುಪಾಸಿಗೆ ಇಳಿದುಬಿಡುತ್ತದೆ. ಅಂದಿನ ತಂತ್ರಜ್ಞರು ಇದನ್ನು ಪರೀಕ್ಷಿಸುತ್ತಿದ್ದ ಬಗೆ ಸೊಗಸಾದದ್ದು: ನೀರಿಗೆ ಹಿಮಟಾಕ್ಸಿಲಿನ್ನಿನ ಕೆಲವು ಕಣ ಉದುರಿಸುವುದು, ಕೆಲವು ನಿಮಿಷಗಳಲ್ಲಿ ತಿಳಿನೇರಳೆ ಮೂಡಿದರೆ ನೀರು ಸರಿ, ಮೂಡದಿದ್ದರೆ ಚೂರು ಸೋಡ ಸೇರಿಸುವುದು.

1909ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ಸೋರೆನ್ಸನ್ ಪಿಎಚ್ ಮಾಪನವನ್ನು ಮುಂದಿಟ್ಟ. ಅವನ ಹೆಸರಿನ ಫಾಸ್ಫೇಟ್ ಬಫರ್ ಇಂದಿಗೂ ರಕ್ತಲೇಪದ ಮೇಜಿನ ಮೇಲಿದೆ. ರಕ್ತಕಣಗಳನ್ನು ಗುರುತಿಸಲು ಪಿಎಚ್ 6.8 ಸಾಕು, ಮಲೇರಿಯಾಕ್ಕೆ 7.2 ಬೇಕು. ಷೂಫ್ನರ್ 1899ರಲ್ಲಿ ವರ್ಣಿಸಿದ ಚುಕ್ಕಿಗಳು ವೈವಾಕ್ಸ್ ಮಲೇರಿಯಾದ ಒಂದು ಮುಖ್ಯ ಗುರುತು. ಆಮ್ಲೀಯ ನೀರಿನಲ್ಲಿ ಅವು ಸರಿಯಾಗಿ ಮೂಡುವುದಿಲ್ಲ. ಭಾರತದಲ್ಲಿ 1944ರಲ್ಲಿ ಜಸ್ವಂತ್ ಸಿಂಗ್ ಮತ್ತು ಭಟ್ಟಾಚಾರ್ಜಿ ರೂಪಿಸಿದ ಜೆಎಸ್‌ಬಿ ಬಣ್ಣ ನೀರಿನಲ್ಲೇ ಕರಗುವಂಥದು. ಮೆಥನಾಲಿನಲ್ಲಿ ಕರಗಿಸುವ ಬಣ್ಣಗಳಿಗಿಂತ ಅಗ್ಗವೂ ಬೇಗ ಮುಗಿಯುವಂಥದೂ ಆದ್ದರಿಂದ ದೇಶದ ಮಲೇರಿಯಾ ಕಾರ್ಯಕ್ರಮದಲ್ಲಿ ಅದು ವ್ಯಾಪಕವಾಗಿ ಬಳಕೆಯಾಯಿತು.

ಮೊದಲ ಮಹಾಯುದ್ಧದಲ್ಲಿ ಜರ್ಮನಿಯ ಬಣ್ಣಗಳು ಬರುವುದು ನಿಂತದ್ದರ ಪರಿಣಾಮವಾಗಿ ಅಮೆರಿಕದಲ್ಲಿ ಎಚ್. ಜೆ. ಕಾನ್ ಮೊದಲಾದವರು 1920ರ ದಶಕದ ಆರಂಭದಲ್ಲಿ ಜೈವಿಕ ಬಣ್ಣಗಳ ಆಯೋಗವೊಂದನ್ನು ಕಟ್ಟಿದರು. ಬಣ್ಣದ ಪ್ರತಿಯೊಂದು ತಯಾರಿಗೂ ಪರೀಕ್ಷೆ, ಪ್ರಮಾಣಪತ್ರ ಬಂತು. ಬಾಟಲಿಗೆ ಸಿಕ್ಕ ಈ ಮರ್ಯಾದೆ ಸಿಂಕಿನ ನಲ್ಲಿಗೆ ಸಿಗಲಿಲ್ಲ.

ವಿಶೇಷ ಬಣ್ಣಗಳಲ್ಲಿ ನೀರಿನ ಕಾಟ ಬೇರೆ ಬಗೆಯದು. 1873ರಲ್ಲಿ ಗಾಲ್ಜಿ ನರಕೋಶಗಳನ್ನು ಕಪ್ಪಾಗಿಸಿದ ನಂತರ ಬೆಳೆದ ಬೆಳ್ಳಿಯ ವಿಧಾನಗಳಿಗೆ ನಲ್ಲಿ ನೀರಿನ ಕ್ಲೋರೈಡ್ ಶತ್ರು. ಸಿಲ್ವರ್ ನೈಟ್ರೇಟ್ ಜೊತೆ ಸೇರಿ ಬಿಳಿ ಗಷ್ಟಾಗಿ, ಬೆಳಕಿಗೆ ಕಪ್ಪಾಗಿ ಸ್ಲೈಡನ್ನು ಕೊಳಕುಮಾಡುತ್ತದೆ. ಗಾಜಿನ ಪಾತ್ರೆಗಳನ್ನೂ ಬಟ್ಟಿ ಇಳಿಸಿದ ನೀರಿನಲ್ಲೇ ಜಾಲಿಸುವ ಮಡಿ ಬಂದದ್ದು ಇದರಿಂದ. ಅಂಗಾಂಶದ ಕಬ್ಬಿಣ ತೋರಿಸುವ ಪರ್ಲ್ಸ್ ವಿಧಾನದಲ್ಲಿ (1867) ತುಕ್ಕು ಹಿಡಿದ ಪೈಪಿನ ಕಬ್ಬಿಣವೂ ನೀಲಿಯಾಗಿ ಕೂರುತ್ತದೆ. ಅನುಭವಿಗಳು ಅದನ್ನು ಹಿಡಿಯುವುದು ಫೋಕಸ್ಸಿನಿಂದ: ಕಲ್ಮಶ ಅಂಗಾಂಶದ ಮಟ್ಟಕ್ಕಿಂತ ಮೇಲಿರುತ್ತದೆ.

ಎಲ್ಲಕ್ಕಿಂತ ಅಪಾಯದ್ದು ನೀರಿನ ಜೀವಿಗಳು. 1882ರಲ್ಲಿ ಕೋಖ್ ಕ್ಷಯದ ಬ್ಯಾಸಿಲಸ್ ತೋರಿಸಿದ ಮೇಲೆ ಝೀಲ್ ಮತ್ತು ನೀಲ್ಸನ್ ವಿಧಾನ ನೆಲೆಯಾಯಿತು: ಆಮ್ಲಕ್ಕೂ ಬಣ್ಣ ಬಿಡದ ಕೆಂಪು ಕಡ್ಡಿ ಕಂಡರೆ ಕ್ಷಯದ ಗುಮಾನಿ. ಆದರೆ ಮೈಕೊಬ್ಯಾಕ್ಟೀರಿಯಂ ಗಾರ್ಡೊನೆಯಂಥ ನಿರುಪದ್ರವಿಗಳು ನಲ್ಲಿಯ ಬಾಯಲ್ಲೂ ರಬ್ಬರ್ ಕೊಳವೆಯಲ್ಲೂ ಮನೆಮಾಡಿರುತ್ತವೆ, ಅವೂ ಹಾಗೆಯೇ ಕೆಂಪಾಗುತ್ತವೆ. ಕ್ಷಯವಿಲ್ಲದವರಿಗೆ ಕ್ಷಯದ ವರದಿ ಹೋಗಬಲ್ಲ ದಾರಿ ಇದು. ಪದರ ತೇಲಿಸುವ ಬೆಚ್ಚನೆಯ ನೀರಿನ ತೊಟ್ಟಿಯನ್ನು ದಿನವೂ ಬರಿದು ಮಾಡಿ ಉಜ್ಜಬೇಕೆಂಬ ನಿಯಮಕ್ಕೆ ಇದೂ ಒಂದು ಕಾರಣ. ಹಿಂದಿನ ರೋಗಿಯ ಅಂಗಾಂಶದ ಚೂರು ಮುಂದಿನವರ ಸ್ಲೈಡಿಗೆ ಹತ್ತುವುದೂ ಅದೇ ತೊಟ್ಟಿಯಲ್ಲಿ.

ಶುದ್ಧೀಕರಣ ಬೆಳೆದದ್ದು ಬೇರೆ ಉದ್ಯಮಗಳಿಗಾಗಿ. 1935ರಲ್ಲಿ ಇಂಗ್ಲೆಂಡಿನ ಆಡಮ್ಸ್ ಮತ್ತು ಹೋಮ್ಸ್ ಅಯಾನು ವಿನಿಮಯದ ರಾಳಗಳನ್ನು ಕಂಡುಹಿಡಿದರು. ಅವು ಲವಣ ತೆಗೆಯುತ್ತವೆ, ಬ್ಯಾಕ್ಟೀರಿಯ ತೆಗೆಯುವುದಿಲ್ಲ, ಅಲಕ್ಷಿಸಿದರೆ ತಾವೇ ಅವುಗಳ ತವರಾಗುತ್ತವೆ. ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದಲ್ಲಿ 1960ರ ಸುಮಾರಿಗೆ ಸಿಡ್ನಿ ಲೋಬ್ ಮತ್ತು ಭಾರತ ಮೂಲದ ಶ್ರೀನಿವಾಸ ಸೌರಿರಾಜನ್ ರೂಪಿಸಿದ ಪೊರೆಯಿಂದ ಆರ್‌ಒ ಯಂತ್ರ ಸಾಧ್ಯವಾಯಿತು. 1987ರ ಐಎಸ್ಒ 3696 ಮಾನಕ ಪ್ರಯೋಗಾಲಯದ ನೀರನ್ನು ಮೂರು ದರ್ಜೆಗಳಾಗಿ ವಿಂಗಡಿಸಿತು. ಮೂರನೆಯ ದರ್ಜೆಗೆ ವಿದ್ಯುತ್ ವಾಹಕತೆಯ ಮಿತಿ ಸೆಂಟಿಮೀಟರಿಗೆ 5 ಮೈಕ್ರೊಸೀಮನ್ಸ್, ಮೊದಲನೆಯದಕ್ಕೆ 0.1. ಪ್ರತಿಕಾಯಗಳಿಂದ ಗುರುತಿಸುವ ಇಮ್ಯೂನೊ ವಿಧಾನಗಳು ಹರಡಿದ ಮೇಲೆ ಈ ಎಚ್ಚರ ಇನ್ನಷ್ಟು ಹೆಚ್ಚಿತು, ಏಕೆಂದರೆ ಬ್ಯಾಕ್ಟೀರಿಯಗಳ ಅಲ್ಕಲೈನ್ ಫಾಸ್ಫಟೇಸ್ ಕಿಣ್ವ ಅದೇ ಕಿಣ್ವವನ್ನು ನೆಚ್ಚಿದ ಪರೀಕ್ಷೆಗೆ ಅಡ್ಡಬರಬಲ್ಲದು.

ಇಷ್ಟೆಲ್ಲ ಆದಮೇಲೂ ಹಿಮಟಾಕ್ಸಿಲಿನ್‌ಗೆ ಶುದ್ಧ ನೀರು ಒಗ್ಗುವುದಿಲ್ಲ. ಆರ್‌ಒ ನೀರು ತುಸು ಆಮ್ಲೀಯ, ಅದರಲ್ಲಿ ಬೈಕಾರ್ಬೊನೇಟ್ ಇಲ್ಲವೆನ್ನುವಷ್ಟು ಕಡಿಮೆ. ಸ್ಟೇನಿಂಗ್ ಯಂತ್ರಕ್ಕೆ ಆರ್‌ಒ ಪೈಪು ಜೋಡಿಸಿದ ಲ್ಯಾಬುಗಳು ಬ್ಲೂಯಿಂಗ್ ಹಂತಕ್ಕೆ ಒಂದು ಡಬ್ಬಿಯನ್ನು ಬೇರೆಯೇ ಇಟ್ಟು, ಪೊರೆ ಶೋಧಿಸಿ ತೆಗೆದ ಲವಣಗಳಿಗೆ ಬದಲಾಗಿ ಸ್ಕಾಟನ ಅಳತೆಯಲ್ಲಿ ಮೆಗ್ನೀಸಿಯಂ ಸಲ್ಫೇಟ್ ಮತ್ತು ಸೋಡವನ್ನು ಅದಕ್ಕೆ ಬೆರೆಸುತ್ತವೆ.