ಜೇನುಮೇಣದ ಶುದ್ಧೀಕರಣ, ಮೇಣದಬತ್ತಿ ಹಾಗೂ ಮನೆಯ ಸುಗಂಧ ತಯಾರಿಕೆ

ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು ತಲೆಮಾರುಗಳಿಂದ ಹೆಜ್ಜೇನು ಇಳಿಸುತ್ತ ಬಂದಿದ್ದಾರೆ. ಗುಂಡ್ಲುಪೇಟೆಯಂತಹ ಕಾಡಂಚಿನ ತಾಲ್ಲೂಕುಗಳ ರೈತರಿಗೆ ಪೆಟ್ಟಿಗೆಯಲ್ಲಿ ತುಡುವೆ ಸಾಕುವುದು ಸೂಕ್ತ ಉಪಕಸುಬು. ಜೇನುತುಪ್ಪವನ್ನು ಕೊಳ್ಳಲು ಲ್ಯಾಂಪ್ಸ್ ಸಹಕಾರ ಸಂಘಗಳಿವೆ. ಆದರೆ ತುಪ್ಪ ತೆಗೆದ ಮೇಲೆ ಉಳಿಯುವ ಎರಿಗೆ ಸಿಗಬೇಕಾದ ಗಮನ ಸಿಗುತ್ತಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯು ಜೇನಿನ ಜೊತೆಗೆ ಮೇಣವನ್ನೂ ಕಿರು ಅರಣ್ಯ ಉತ್ಪನ್ನಗಳ ಸಾಲಿನಲ್ಲಿ ಹೆಸರಿಸಿದೆ. ಸರಿಯಾಗಿ ಶುದ್ಧಗೊಳಿಸಿದರೆ ಇದು ತುಪ್ಪದ ಜೊತೆಗೆ ಎರಡನೆಯ ಆದಾಯವಾಗುತ್ತದೆ.

ಮೊದಲ ನಿಯಮ: ಮೇಣಕ್ಕಾಗಿ ಎರಿ ಕೊಯ್ಯಬಾರದು

ಮೇಣವನ್ನು ಎಳೆಯ ಕೆಲಸಗಾರ ನೊಣಗಳು ತಮ್ಮ ಹೊಟ್ಟೆಯ ಕೆಳಭಾಗದಲ್ಲಿರುವ ನಾಲ್ಕು ಜೊತೆ ಗ್ರಂಥಿಗಳಿಂದ ಸ್ರವಿಸುತ್ತವೆ. ಒಂದು ಕಿಲೋ ಮೇಣ ತಯಾರಿಸಲು ಅವು ಸುಮಾರು 6ರಿಂದ 8 ಕಿಲೋ ತುಪ್ಪವನ್ನು ತಿನ್ನಬೇಕಾಗುತ್ತದೆ. ಆದ್ದರಿಂದ ಮೇಣದ ಬೆಲೆಗೆ ಆಸೆಪಟ್ಟು ಇಡೀ ಎರಿಯನ್ನು ಕತ್ತರಿಸಿದರೆ ಮುಂದಿನ ವರ್ಷದ ತುಪ್ಪಕ್ಕೂ ಕುತ್ತು ಬರುತ್ತದೆ. ಹೆಜ್ಜೇನಿನಲ್ಲಿ ಕೊಂಬೆಗೆ ಅಂಟಿದ ದಪ್ಪನೆಯ ತುಪ್ಪದ ಭಾಗವನ್ನು ಮಾತ್ರ ತೆಗೆದು, ಮೊಟ್ಟೆ-ಮರಿಗಳಿರುವ ಭಾಗವನ್ನು ಹಾಗೆಯೇ ಬಿಡಬೇಕು. ತುಡುವೆ ಪೆಟ್ಟಿಗೆಯಲ್ಲಿ ಯಂತ್ರದಿಂದ ತುಪ್ಪ ತೆಗೆದು ಎರಿಯನ್ನು ಮರಳಿ ಇಡಬೇಕು. ಕಣಗಳ ಮೇಲಿನ ಮುಚ್ಚಳದ ಮೇಣ ಮತ್ತು ತೆಗೆದುಹಾಕಬೇಕಾದ ಹಳೆಯ ಎರಿಗಳಷ್ಟೇ ನಿಮಗೆ ಸಲ್ಲತಕ್ಕವು. ಒಂದು ಪೆಟ್ಟಿಗೆಯಿಂದ ದೊರೆಯುವ ಮೇಣ ಅಲ್ಪವಾದ್ದರಿಂದ ಸ್ವಸಹಾಯ ಗುಂಪಿನಲ್ಲಿ ಕೂಡಿಸಿ ಕರಗಿಸುವುದು ಲಾಭದಾಯಕ.

ಶುದ್ಧೀಕರಣದ ವಿಧಾನ

1. ಮುಚ್ಚಳದ ಮೇಣ, ಬಿಳಿಯ ಹೊಸ ಎರಿ ಮತ್ತು ಕಪ್ಪಾದ ಹಳೆಯ ಎರಿಗಳನ್ನು ಬೇರ್ಪಡಿಸಿ. ಬೆರೆಸಿದರೆ ಉತ್ತಮ ಮೇಣದ ಬಣ್ಣವೂ ಕೆಡುತ್ತದೆ.

2. ತುಪ್ಪದ ಅಂಶ ಹೋಗುವಂತೆ ನೀರಿನಲ್ಲಿ ತೊಳೆಯಿರಿ. ಕಪ್ಪು ಎರಿಯನ್ನು ಒಂದು ದಿನ ನೆನೆಸಿಡಿ. ತುಪ್ಪ ಅಂಟಿದ ಎರಿಯನ್ನಾಗಲಿ ತೊಳೆದ ನೀರನ್ನಾಗಲಿ ಪೆಟ್ಟಿಗೆಗಳ ಬಳಿ ತೆರೆದಿಡಬಾರದು. ಅದಕ್ಕೆ ಮುತ್ತುವ ನೊಣಗಳ ಮೂಲಕ ರೋಗ ಹರಡುತ್ತದೆ. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ನಂಜುರೋಗವು ದಕ್ಷಿಣ ಭಾರತದ ತುಡುವೆ ಕುಟುಂಬಗಳನ್ನು ಅಪಾರವಾಗಿ ನಾಶಪಡಿಸಿದ್ದನ್ನು ಹಿರಿಯ ಜೇನು ಕೃಷಿಕರು ಬಲ್ಲರು.

3. ದೊಡ್ಡ ಪಾತ್ರೆಯಲ್ಲಿ ನೀರು ಕಾಯಿಸಿ, ಅದರೊಳಗೆ ಇನ್ನೊಂದು ಸ್ಟೀಲ್ ಪಾತ್ರೆಯಿಟ್ಟು, ಅದರಲ್ಲಿ ಸ್ವಲ್ಪ ನೀರಿನೊಂದಿಗೆ ಎರಿಯನ್ನು ಕರಗಿಸಿ. ಮೇಣ ಸುಮಾರು 62ರಿಂದ 65 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. 85 ಡಿಗ್ರಿ ಮೀರಿದರೆ ಬಣ್ಣ ಮತ್ತು ಪರಿಮಳ ಕೆಡುತ್ತವೆ. ಕಬ್ಬಿಣ, ತಾಮ್ರ, ಹಿತ್ತಾಳೆಯ ಪಾತ್ರೆಗಳು ಬೇಡ. ಕೊಳವೆಬಾವಿಯ ಗಡಸು ನೀರಿಗಿಂತ ಮಳೆನೀರು ಉತ್ತಮ.

4. ಬಿಸಿಯಿರುವಾಗಲೇ ತೆಳುಬಟ್ಟೆಯಲ್ಲಿ ಸೋಸಿ. ಪಾತ್ರೆಗೆ ಗೋಣಿಚೀಲ ಸುತ್ತಿ ನಿಧಾನವಾಗಿ ಆರಲು ಬಿಡಿ. ಗಟ್ಟಿಯಾದ ಬಿಲ್ಲೆಯ ತಳದ ಗಸಿಯನ್ನು ಹೆರೆದು ತೆಗೆಯಿರಿ. ಅಗತ್ಯವಿದ್ದರೆ ಮತ್ತೊಮ್ಮೆ ಕರಗಿಸಿ ಸೋಸಿ.

ಎರಿಯನ್ನು ಹಾಗೆಯೇ ಕೂಡಿಟ್ಟರೆ ಮೇಣದ ಪತಂಗದ ಹುಳು ತಿಂದುಹಾಕುತ್ತದೆ. ಆದ್ದರಿಂದ ಕೂಡಲೇ ಕರಗಿಸಿ ಬಿಲ್ಲೆಗಳ ರೂಪದಲ್ಲಿ ಸಂಗ್ರಹಿಸಿ.

ಮೇಣದಬತ್ತಿ ತಯಾರಿಕೆ

ಶುದ್ಧ ಹತ್ತಿಯ ಹೆಣೆದ ಬತ್ತಿಯನ್ನು ಕರಗಿದ ಮೇಣದಲ್ಲಿ ಅದ್ದಿ ನೇರವಾಗಿ ಒಣಗಿಸಿ, ಅಚ್ಚಿನ ನಡುವೆ ಬಿಗಿಯಾಗಿ ನಿಲ್ಲಿಸಿ. ಮೇಣವನ್ನು ಸುಮಾರು 70 ಡಿಗ್ರಿಯಲ್ಲಿ ಸುರಿಯಿರಿ. ಗಾಳಿ ಬೀಸದ ಕಡೆ ಇಟ್ಟರೆ ಬಿರುಕು ಬಿಡುವುದಿಲ್ಲ. ಬತ್ತಿಯ ದಪ್ಪವೇ ಗುಣಮಟ್ಟವನ್ನು ನಿರ್ಧರಿಸುತ್ತದೆ: ಜ್ವಾಲೆ ಎತ್ತರವಾಗಿ ಹೊಗೆಯಾಡಿದರೆ ಬತ್ತಿ ದಪ್ಪವಾಗಿದೆ, ಕರಗಿದ ಮೇಣದಲ್ಲಿ ಮುಳುಗಿ ಆರಿದರೆ ತೆಳುವಾಗಿದೆ ಎಂದರ್ಥ. ಪ್ರತಿ ಅಚ್ಚಿನಿಂದಲೂ ಒಂದೊಂದು ಬತ್ತಿಯನ್ನು ಪೂರ್ತಿ ಉರಿಸಿ ನೋಡಿದ ಬಳಿಕವೇ ಮಾರಾಟಕ್ಕೆ ತಯಾರಿಸಿ.

ಸುಗಂಧ

ಜೇನುಮೇಣಕ್ಕೆ ತನ್ನದೇ ಪರಿಮಳವಿದೆ. ಬೇರೆ ಸುವಾಸನೆ ಬೇಕಿದ್ದರೆ 100 ಗ್ರಾಂ ಮೇಣಕ್ಕೆ 3 ಗ್ರಾಂನಂತೆ ನಿಂಬೆಹುಲ್ಲಿನ ಎಣ್ಣೆಯನ್ನು, ಪಾತ್ರೆಯನ್ನು ಒಲೆಯಿಂದ ದೂರ ಇಳಿಸಿದ ಮೇಲೆ, ಸುರಿಯುವ ಮುನ್ನ ಬೆರೆಸಬಹುದು. ಒಣ ಹೂವು ಮತ್ತು ಎಲೆಗಳನ್ನು ಬತ್ತಿಯೊಳಗೆ ಇಡಬೇಡಿ. ಅವು ಹೊತ್ತಿಕೊಳ್ಳುತ್ತವೆ. ಅವುಗಳಿಗೆ ಬಟ್ಟೆಯ ಚೀಲವೇ ತಕ್ಕುದು: ಲಾವಂಚದ ಬೇರು, ಒಣಗಿಸಿದ ನಿಂಬೆಹುಲ್ಲು, ಕಿತ್ತಳೆ ಸಿಪ್ಪೆಗಳನ್ನು ಕಟ್ಟಿ ಕಪಾಟಿನಲ್ಲಿಡಬಹುದು. ಲಾವಂಚ ಮತ್ತು ನಿಂಬೆಹುಲ್ಲುಗಳನ್ನು ಹೊಲದ ಬದುವಿನಲ್ಲಿ ಬೆಳೆದರೆ ಮಣ್ಣಿನ ಸವಕಳಿಯೂ ತಗ್ಗುತ್ತದೆ. ಅಳಿವಿನ ಅಂಚಿಗೆ ಸರಿಯುತ್ತಿರುವ ಮಾಕಳಿ ಬೇರನ್ನು ಸುವಾಸನೆಗೆಂದು ಕಾಡಿನಿಂದ ಅಗೆಯಬಾರದು.

ಮುನ್ನೆಚ್ಚರಿಕೆ

• ಮೇಣವನ್ನು ನೇರ ಉರಿಯ ಮೇಲೆ ಎಂದಿಗೂ ಕರಗಿಸಬೇಡಿ. ಕರಗುವಾಗ ಬಿಟ್ಟು ಹೋಗಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ.
• ಮೇಣಕ್ಕೆ ಬೆಂಕಿ ತಗುಲಿದರೆ ನೀರು ಎರಚಬಾರದು, ಉರಿಯುವ ಮೇಣ ಸಿಡಿಯುತ್ತದೆ. ಒಲೆ ಆರಿಸಿ, ಮುಚ್ಚಳ ಮುಚ್ಚಿ ಅಥವಾ ಒಣ ಮರಳು ಸುರಿಯಿರಿ. ಇವೆರಡನ್ನೂ ಮೊದಲೇ ಕೈಗೆಟುಕುವಂತೆ ಇಟ್ಟುಕೊಳ್ಳಿ.

ಮಾರಾಟ

ಪ್ಯಾರಾಫಿನ್ ಬೆರೆಸಿ ‘ಶುದ್ಧ ಜೇನುಮೇಣ’ ಎಂದು ಮಾರಿದರೆ ಗಳಿಸಿದ ನಂಬಿಕೆ ಒಂದೇ ಬಾರಿಗೆ ಹೋಗುತ್ತದೆ. ಬೆರೆಸಿದ್ದರೆ ಹಾಗೆಂದು ಲೇಬಲ್‌ನಲ್ಲಿ ನಮೂದಿಸಿ. ‘ಗಾಳಿಯನ್ನು ಶುದ್ಧಗೊಳಿಸುತ್ತದೆ’ ಎಂಬ ಆಧಾರವಿಲ್ಲದ ಹೇಳಿಕೆ ಬೇಡ. ಮೇಣದ ಮಾದರಿಯನ್ನು ಪರೀಕ್ಷೆಗೆ ಕಳುಹಿಸುವಾಗ ಅದು ಹೆಜ್ಜೇನಿನದೋ ತುಡುವೆಯದೋ ಎಂದು ತಪ್ಪದೆ ಬರೆಯಿರಿ. ನಮ್ಮ ಜೇನುಗಳ ಮೇಣದ ಆಮ್ಲಾಂಕವು ಯುರೋಪಿನ ಜೇನಿನ ಮೇಣಕ್ಕಿಂತ ಸಹಜವಾಗಿಯೇ ಕಡಿಮೆ. ಈ ವಿವರವಿಲ್ಲದಿದ್ದರೆ ಅಪ್ಪಟ ಮೇಣವನ್ನೂ ಕಲಬೆರಕೆಯೆಂದು ತಿರಸ್ಕರಿಸುವ ಸಂಭವವಿದೆ. ವಿಸ್ತರಣಾ ಕಾರ್ಯಕರ್ತರು ಈ ಅಂಶವನ್ನು ಸಂಗ್ರಾಹಕರಿಗೂ ಖರೀದಿದಾರರಿಗೂ ತಿಳಿಸಬೇಕು.

ಜೇನು ಸಾಕಣೆಯ ಮಾರ್ಗದರ್ಶನಕ್ಕೆ ಚಾಮರಾಜನಗರದ ಹರದನಹಳ್ಳಿ ಕೃಷಿ ವಿಜ್ಞಾನ ಕೇಂದ್ರವನ್ನು ಅಥವಾ ತಾಲ್ಲೂಕಿನ ತೋಟಗಾರಿಕೆ ಇಲಾಖೆಯ ಕಚೇರಿಯನ್ನು ಸಂಪರ್ಕಿಸಬಹುದು.