ಊರು ಬಲ್ಲ ಕ್ರಯ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದು ಗಾದೆ ಕಟ್ಟಿದ ನಮ್ಮ ಹಿರಿಯರು ‘ಮನೆ ಕೊಂಡು ನೋಡು’ ಎಂದು ಅದಕ್ಕೆ ಸೇರಿಸಲಿಲ್ಲ. ಕಟ್ಟುವವನ ಕಷ್ಟ ಕಣ್ಣಿಗೆ ಕಾಣುವಂಥದು. ಸುಣ್ಣಕ್ಕಿಷ್ಟು, ಮರಕ್ಕಿಷ್ಟು, ಕೂಲಿಗಿಷ್ಟು ಎಂದು ಲೆಕ್ಕ ಹಾಕಬಹುದು. ಕೊಳ್ಳುವವನ ಕಷ್ಟ ಬೇರೆ ಬಗೆಯದು. ಅವನು ಗೋಡೆಯನ್ನು ತಟ್ಟಿ ನೋಡಬಲ್ಲ, ಬಾವಿಯ ನೀರನ್ನು ಕುಡಿದು ನೋಡಬಲ್ಲ. ಆದರೆ ಮಾರುವವನಿಗೆ ಮಾರುವ ಹಕ್ಕುಂಟೆ, ಮನೆಯ ಮೇಲೆ ಸಾಲವುಂಟೆ, ನಾಳೆ ಯಾರಾದರೂ ಬಂದು ‘ಇದರಲ್ಲಿ ನನಗೂ ಪಾಲಿದೆ’ ಎನ್ನುವರೆ ಎಂಬುದನ್ನು ಯಾವ ಗೋಡೆಯೂ ಹೇಳದು. ಈ ಅಂಜಿಕೆಯನ್ನು ಕಳೆಯುವುದಕ್ಕೆ ನಮ್ಮ ಜನ ಕಾಲಕಾಲಕ್ಕೆ ಮಾಡಿಕೊಂಡ ಏರ್ಪಾಡುಗಳನ್ನು ನೋಡುತ್ತ ಹೋದರೆ, ಅವೆಲ್ಲವುಗಳ ಒಳಗೆ ಒಂದೇ ತತ್ತ್ವ ಇರುವಂತೆ ನನಗೆ ತೋರುತ್ತದೆ: ಗುಟ್ಟಾಗಿ ಆದ ಕ್ರಯ ಕ್ರಯವಲ್ಲ.

ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಓಲೆಗರಿಯ ಕಟ್ಟಿನಲ್ಲಿ ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರವನ್ನು ಎಲ್ಲರೂ ರಾಜತಂತ್ರಕ್ಕಾಗಿ ಓದುತ್ತಾರೆ. ಅದರ ಮೂರನೆಯ ಅಧಿಕರಣದಲ್ಲಿ ಮನೆ ಹೊಲಗಳ ಮಾರಾಟದ ವಿಷಯವೂ ಉಂಟು. ಕೊಳ್ಳುವ ಮೊದಲ ಅವಕಾಶ ಜ್ಞಾತಿಗಳಿಗೆ, ಆಮೇಲೆ ನೆರೆಯವರಿಗೆ, ಅದರ ಮೇಲೆ ಸಾಲ ಕೊಟ್ಟವರಿಗೆ. ಇವರು ಯಾರೂ ಬೇಡವೆಂದರೆ ಹೊರಗಿನವರಿಗೆ. ಮಾರಾಟವನ್ನು ಮನೆಯ ಮುಂದೆಯೇ, ನೆರೆಯ ನಲವತ್ತು ಕುಲಗಳವರ ಎದುರಿನಲ್ಲಿ ಸಾರಬೇಕು. ಎಲ್ಲೆಯನ್ನು ಊರಿನ ಹಿರಿಯರು ಕೇಳುವಂತೆ ಹೇಳಬೇಕು. ‘ಈ ಬೆಲೆಗೆ ಕೊಳ್ಳುವವರು ಯಾರು?’ ಎಂದು ಮೂರು ಸಲ ಕೂಗಿದ ಮೇಲೆ ಯಾರೂ ಅಡ್ಡಿ ಹೇಳದಿದ್ದರೆ ಕೊಳ್ಳುವವನು ಕೊಳ್ಳಬಹುದು. ಪೈಪೋಟಿಯಿಂದ ಬೆಲೆ ಏರಿದರೆ, ಏರಿದಷ್ಟು ಹಣ ಸುಂಕದೊಡನೆ ಬೊಕ್ಕಸಕ್ಕೆ! ಕೊನೆಯ ಮಾತು ಅರಸನ ಜಾಣತನ. ಮೊದಲಿನದೆಲ್ಲ ಕೊಳ್ಳುವವನ ರಕ್ಷಣೆ. ಮೂರು ಕೂಗು ಕೇಳಿಯೂ ಸುಮ್ಮನಿದ್ದವನು ಆಮೇಲೆ ಬಾಯಿ ತೆರೆಯುವುದು ಕಷ್ಟ.

ಇದೇ ವಿಚಾರವನ್ನು ಧರ್ಮಶಾಸ್ತ್ರದ ಕಡೆಯಿಂದ ಬಿಡಿಸಿ ಹೇಳಿದವನು ನಮ್ಮ ಕಲ್ಯಾಣದ ವಿಜ್ಞಾನೇಶ್ವರ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಎಂದರೆ 1076ರಿಂದ 1126ರವರೆಗಿನ ಆಳ್ವಿಕೆಯಲ್ಲಿ, ಅವನು ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನವನ್ನು ಬರೆದ. ಭೂಮಿ ಒಬ್ಬನಿಂದ ಇನ್ನೊಬ್ಬನಿಗೆ ಹೋಗುವುದಕ್ಕೆ ಆರು ಸಂಗತಿಗಳು ಬೇಕೆಂಬ ಹಳೆಯ ಮಾತೊಂದನ್ನು ಅವನು ಅಲ್ಲಿ ಎತ್ತಿಕೊಳ್ಳುತ್ತಾನೆ: ಊರಿನವರ, ಜ್ಞಾತಿಗಳ, ನೆರೆಯವರ, ದಾಯಾದಿಗಳ ಒಪ್ಪಿಗೆ ನಾಲ್ಕು, ಹೊನ್ನು ನೀರುಗಳ ಧಾರೆ ಎರಡು. ಇವನ್ನು ಅವನು ಕಣ್ಣು ಮುಚ್ಚಿಕೊಂಡು ಒಪ್ಪುವುದಿಲ್ಲ. ಒಂದೊಂದೂ ಏಕೆ ಬೇಕು ಎಂದು ಕೇಳುತ್ತಾನೆ. ಊರಿನ ಒಪ್ಪಿಗೆ ವ್ಯವಹಾರ ಬಯಲಾಗಲೆಂದು. ಅದಿಲ್ಲದಿದ್ದರೆ ಕ್ರಯವೇ ಕೆಟ್ಟುಹೋಯಿತೆಂದಲ್ಲ. ನೆರೆಯವರ ಒಪ್ಪಿಗೆ ಎಲ್ಲೆಯ ಜಗಳ ಏಳದಿರಲೆಂದು. ಭಾಗವಾಗಿ ಹೋದ ಜ್ಞಾತಿಗಳ ಒಪ್ಪಿಗೆ, ಭಾಗವಾಗಿದೆಯೋ ಇಲ್ಲವೋ ಎಂಬ ಸಂಶಯ ಮುಂದೆ ಬಾರದಿರಲೆಂದು. ಭಾಗವಾಗದವರ ಒಪ್ಪಿಗೆ ಮಾತ್ರ ಇರಲೇಬೇಕು. ಇನ್ನು ಹೊನ್ನು ನೀರು ಏಕೆ? ಸ್ಥಾವರವನ್ನು ಮಾರಬಾರದೆಂದು ಶಾಸ್ತ್ರ. ಮಾರದೆ ಬದುಕು ನಡೆಯದೆಂದು ಲೋಕ. ಆದ್ದರಿಂದ ಮಾರಾಟಕ್ಕೆ ದಾನದ ಉಡುಪು ತೊಡಿಸಿ ಧಾರೆಯೆರೆದು ಕೊಡಬೇಕು ಎನ್ನುತ್ತಾನೆ. ಹಣವನ್ನೂ ಎಣಿಸಿಕೊಳ್ಳಬೇಕು, ಮಗಳನ್ನು ಕೊಟ್ಟಂತೆ ಧಾರೆಯನ್ನೂ ಎರೆಯಬೇಕು. ಹುಟ್ಟಿದ ಮನೆಯನ್ನು ಮಾರಿದವರಿಗೆ ಇದರ ಮರ್ಮ ತಿಳಿದೀತು.

ಈ ಶಾಸ್ತ್ರ ಬಳಕೆಯಲ್ಲಿ ಹೇಗಿತ್ತೆಂಬುದನ್ನು ನಮ್ಮ ಶಾಸನಗಳಲ್ಲಿ ನೋಡಬೇಕು. ವಿಜಯನಗರದ ಕಾಲದಲ್ಲಿಯೂ ಅದರ ತರುವಾಯದಲ್ಲಿಯೂ ಹುಟ್ಟಿದ ಕ್ರಯಶಾಸನಗಳಲ್ಲಿ ಬೆಲೆಯನ್ನು ಹೇಳುವ ಕ್ರಮವೇ ಒಂದು ಪಾಠ. ಅದು ಆ ಕಾಲಕ್ಕೆ ತಕ್ಕ ಬೆಲೆ, ಮಧ್ಯಸ್ಥರು ಕಟ್ಟಿದ ಬೆಲೆ, ಎರಡು ಕಡೆಯವರೂ ಒಪ್ಪಿದ ಬೆಲೆ ಎಂದು ಮೊದಲು ಹೇಳಿ, ಮೊತ್ತವನ್ನು ಅಂಕಿಯಲ್ಲಿ ಬರೆದು, ‘ಅಕ್ಷರದಲು’ ಇಷ್ಟು ಎಂದು ಮತ್ತೆ ಬರೆಯುತ್ತಾರೆ. ಅಂಕಿಗೆ ಒಂದು ಸೊನ್ನೆ ಸೇರಿಸುವ ಕೈಚಳಕ ಅಂದಿನವರಿಗೂ ಗೊತ್ತಿದ್ದಿರಬೇಕು! ಆಮೇಲೆ ಮೂಡಲು, ತೆಂಕಲು, ಪಡುವಲು, ಬಡಗಲು ಎಂದು ನಾಲ್ಕು ದಿಕ್ಕಿನ ಎಲ್ಲೆ. ಅದರೊಳಗಿನ ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂಬ ಅಷ್ಟಭೋಗ. ನೆಲದ ಮೇಲಿರುವುದಷ್ಟೇ ಅಲ್ಲ, ಕೆಳಗೆ ಹೂತಿಟ್ಟದ್ದೂ ಮುಂದೆ ಬರುವುದೂ ಕೊಂಡವನದೇ. ಕಡೆಗೆ ಸಾಕ್ಷಿಗಳು, ಬರೆದ ಸೇನಬೋವನ ಹೆಸರು, ಒಪ್ಪ. ಎಲ್ಲೆಯಲ್ಲಿ ಲಿಂಗಮುದ್ರೆಯ ಕಲ್ಲನ್ನೋ ವಾಮನಮುದ್ರೆಯ ಕಲ್ಲನ್ನೋ ನೆಡುವುದುಂಟು. ಮರ, ಹುತ್ತ, ಹಳ್ಳಗಳಲ್ಲದೆ ಇದ್ದಲು, ಉಮಿ, ಮೂಳೆಗಳನ್ನೂ ಸ್ಮೃತಿಗಳು ಎಲ್ಲೆಯ ಗುರುತಾಗಿ ಎಣಿಸುತ್ತವೆ. ಇದ್ದಲಿಗೂ ಉಮಿಗೂ ನೆಲದಡಿಯಲ್ಲಿ ಬೇಗನೆ ಗೆದ್ದಲು ಹತ್ತದು.

ಇಂದಿನ ಕ್ರಯಪತ್ರವನ್ನು ಓದಿದವರಿಗೆ ಇದೆಲ್ಲ ಪರಿಚಿತವೆನಿಸಬಹುದು. ‘ಬರೆಸಿಕೊಟ್ಟ ಶುದ್ಧ ಕ್ರಯಪತ್ರದ ಕ್ರಮವೆಂತೆಂದರೆ’ ಎಂದು ಹಿಡಿದು ಚಕ್ಕುಬಂದಿ, ಸಾಕ್ಷಿ, ಬಿಕ್ಕಲಂವರೆಗೆ ಸಾಗುವ ಪತ್ರ ಆ ಶಾಸನದ ಮೊಮ್ಮಗನೇ ಸರಿ. ನಡುವೆ ಪಾರಸಿ, ಮರಾಠಿ ಮಾತುಗಳು ಸೇರಿಕೊಂಡವು; ಕಲ್ಲು ಹೋಗಿ ಛಾಪಾ ಕಾಗದ ಬಂತು.

ದೊಡ್ಡ ಬದಲಾವಣೆ ಆದದ್ದು ಸಾಕ್ಷಿಯ ವಿಷಯದಲ್ಲಿ. ಬ್ರಿಟಿಷ್ ಸರ್ಕಾರ 1864ರಲ್ಲಿ ನೋಂದಣಿಯ ಕಾಯಿದೆ ಮಾಡಿತು. ಅದನ್ನು ತಿದ್ದಿ ತಿದ್ದಿ ಬಂದದ್ದು ಇಂದಿಗೂ ನಡೆಯುತ್ತಿರುವ 1908ರ ಕಾಯಿದೆ. 1882ರ ಸ್ವತ್ತು ವರ್ಗಾವಣೆಯ ಕಾಯಿದೆ, ನೂರು ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ಸ್ಥಾವರದ ಕ್ರಯ ನೋಂದಾಯಿಸಿದ ಪತ್ರದಿಂದಲೇ ಆಗಬೇಕೆಂದಿತು. ಇದನ್ನು ಬರಿಯ ಸರ್ಕಾರಿ ಕಿರುಕುಳವೆಂದು ಗೊಣಗುವವರು ಒಂದು ಅಂಶವನ್ನು ಗಮನಿಸಬೇಕು. ಸ್ಥಾವರದ ಪತ್ರಗಳನ್ನು ನಕಲು ಮಾಡಿಡುವ ಒಂದನೆಯ ಪುಸ್ತಕವನ್ನು, ಶುಲ್ಕ ಕೊಟ್ಟರೆ, ಯಾರು ಬೇಕಾದರೂ ನೋಡಬಹುದೆಂದು 1908ರ ಕಾಯಿದೆ ಹೇಳುತ್ತದೆ. ಕೌಟಿಲ್ಯನ ನಲವತ್ತು ಕುಲಗಳ ಕಿವಿಯನ್ನು ಇಲ್ಲಿ ಒಂದು ಪುಸ್ತಕಕ್ಕೆ ಇಟ್ಟರು. ಋಣಭಾರ ಪತ್ರವೆಂದು ನಾವು ಪಡೆಯುವುದು ಆ ಪುಸ್ತಕ ಹೇಳುವ ಸಾಕ್ಷ್ಯವನ್ನೇ.

1882ರ ಕಾಯಿದೆಯಲ್ಲಿ ಇನ್ನೊಂದು ಸೊಗಸಾದ ಮಾತಿದೆ. ಮಾಮೂಲು ಎಚ್ಚರಿಕೆಯಿಂದ ಕೊಳ್ಳುವವನು ಕಾಣಲಾರದ ದೋಷ ತನಗೆ ತಿಳಿದಿದ್ದರೆ ಮಾರುವವನು ಹೇಳಬೇಕು. ಅದರಂತೆಯೇ, ಮಾರುವವನ ಹಕ್ಕು ಅವನು ತಿಳಿದಿರುವುದಕ್ಕಿಂತ ದೊಡ್ಡದು, ಅದರಿಂದ ಬೆಲೆ ಏರುತ್ತದೆ ಎಂದು ಕೊಳ್ಳುವವನಿಗೆ ಗೊತ್ತಿದ್ದರೆ ಅವನೂ ಬಾಯಿ ಬಿಡಬೇಕು!

ಆದರೆ ಊರಿಗೂ ಪುಸ್ತಕಕ್ಕೂ ಒಂದು ಭೇದವುಂಟು. ಊರಿಗೆ ಮನುಷ್ಯರು ಗೊತ್ತು. ಪುಸ್ತಕಕ್ಕೆ ಕಾಗದ ಮಾತ್ರ ಗೊತ್ತು. ನೋಂದಣಿ ಆದದ್ದು ಪತ್ರಕ್ಕೇ ಹೊರತು ಹಕ್ಕಿಗಲ್ಲ. ದಕ್ಷಿಣ ಆಸ್ಟ್ರೇಲಿಯದಲ್ಲಿ ರಾಬರ್ಟ್ ಟಾರೆನ್ಸ್ 1858ರಲ್ಲಿ ತಂದ ಪದ್ಧತಿಯಂತೆ ಸರ್ಕಾರವೇ ಹಕ್ಕಿಗೆ ಹೊಣೆಯಾಗುವ ಕ್ರಮ ನಮ್ಮಲ್ಲಿಲ್ಲ. ತನ್ನದಲ್ಲದ ಮನೆಯನ್ನು ಮಾರಿದವನ ಪತ್ರಕ್ಕೆ ಮೊಹರು ಬಿದ್ದರೂ ಮನೆ ಅವನದಾಗದು. ಖಾತೆಯೂ ಕಂದಾಯದ ಗುರುತೇ ಹೊರತು ಒಡೆತನದ ಪ್ರಮಾಣವಲ್ಲ.

ಪುಸ್ತಕದ ಕಣ್ಣಿಗೆ ಬೀಳದೆ ಮಾರುವ ಚಪಲವೂ ಹುಟ್ಟಿತು. ಛಾಪಾ ಸುಂಕ ಉಳಿಸಲೆಂದೋ, ಕ್ರಯಕ್ಕೆ ಅಡ್ಡಿಯಿದ್ದ ಜಾಗವನ್ನು ದಾಟಿಸಲೆಂದೋ ಜಿ.ಪಿ.ಎ. ಬರೆದುಕೊಟ್ಟು ಬೀಗದ ಕೈ ಕೊಡುವ ವ್ಯಾಪಾರ ನಗರಗಳಲ್ಲಿ ಬಹಳ ಬೆಳೆಯಿತು. ನನ್ನ ಪರಿಚಿತರೊಬ್ಬರು ನಿವೃತ್ತಿಯ ಹಣವನ್ನೆಲ್ಲ ಸುರಿದು ಹೀಗೆ ಮನೆ ಕೊಂಡರು. ಬರೆದುಕೊಟ್ಟವನು ತೀರಿಕೊಂಡ, ಮಕ್ಕಳು ಹಕ್ಕು ಕೇಳಿಕೊಂಡು ಬಂದರು. ಬರೆದವನು ಸತ್ತರೆ ಸಾಮಾನ್ಯವಾಗಿ ಅಂಥ ಪತ್ರದ ಬಲವೂ ಸಾಯುತ್ತದೆ. ಹಣ ಕೊಟ್ಟದ್ದು ನಿಜ, ಹತ್ತು ವರ್ಷ ದೀಪ ಹಚ್ಚಿದ್ದೂ ನಿಜ. ಮನೆ ಮಾತ್ರ ಅವರದಾಗಿರಲಿಲ್ಲ. 2011ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ, ಇಂಥ ಪತ್ರಗಳಿಂದ ಒಡೆತನ ವರ್ಗವಾಗದೆಂದು ಸ್ಪಷ್ಟವಾಗಿ ಹೇಳಿತು.

ವಿಜ್ಞಾನೇಶ್ವರ ಹೇಳಿದ ದಾಯಾದಿಗಳ ಒಪ್ಪಿಗೆಯೂ ಹಳತಾಗಿಲ್ಲ. ಅದರ ಸುತ್ತು ದೊಡ್ಡದಾಗಿದೆ, ಅಷ್ಟೆ. ಕರ್ನಾಟಕ 1994ರಲ್ಲಿ, ಇಡೀ ದೇಶ 2005ರಲ್ಲಿ, ಹಿಂದೂ ಅವಿಭಕ್ತ ಕುಟುಂಬದ ಸ್ವತ್ತಿನಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಸಮಪಾಲು ಕೊಟ್ಟವು. ಪಿತ್ರಾರ್ಜಿತ ಮನೆಯನ್ನು ಕೊಳ್ಳುವವನು ವಂಶವೃಕ್ಷ ತರಿಸಿ, ಕೊಟ್ಟ ಮನೆಗೆ ಹೋದ ಅಕ್ಕತಂಗಿಯರ ರುಜುವನ್ನೂ ಕೇಳುವುದು ಅದಕ್ಕಾಗಿಯೇ. ‘ಅವರದೇನು, ನಾವು ಹೇಳಿದರೆ ಆಯಿತು’ ಎನ್ನುವ ಅಣ್ಣಂದಿರಿಂದ ಮನೆ ಕೊಳ್ಳದಿರುವುದೇ ಲೇಸು.

ಈಗ ಮನೆ ಕೊಳ್ಳಹೊರಟವರಿಗೆ ನನ್ನ ಸಲಹೆ ಇಷ್ಟು. ಮೂಲಪತ್ರಗಳನ್ನು ಒಂದರ ಹಿಂದೊಂದು ಜೋಡಿಸಿ ಓದಿ. ನಡುವೆ ಕೊಂಡಿ ತಪ್ಪಿದ್ದರೆ ಅಲ್ಲಿಯೇ ನಿಲ್ಲಿ. ಮೂವತ್ತು ವರ್ಷದ ಋಣಭಾರ ಪತ್ರ ತೆಗೆಸಿ. ಚಕ್ಕುಬಂದಿಯನ್ನು ಕೈಯಲ್ಲಿ ಹಿಡಿದು, ಅಳತೆಯ ಪಟ್ಟಿಯೊಡನೆ ಜಾಗದ ಸುತ್ತ ನಡೆಯಿರಿ. ತಿಳಿದ ವಕೀಲರೊಬ್ಬರಿಗೆ ತೋರಿಸಿ. ಇಷ್ಟಾದ ಮೇಲೆ, ಯಾವ ಕಾಯಿದೆಯೂ ಕಡ್ಡಾಯ ಮಾಡದ ಒಂದು ಕೆಲಸ ಉಳಿಯುತ್ತದೆ. ಒಂದು ಸಂಜೆ ಅಕ್ಕಪಕ್ಕದ ಮನೆಗಳಿಗೆ ಹೋಗಿ, ‘ನಾವು ಈ ಮನೆ ಕೊಳ್ಳಬೇಕೆಂದಿದ್ದೇವೆ’ ಎಂದು ಹೇಳಿ, ಅವರು ಕೊಟ್ಟ ನೀರು ಕುಡಿದು, ಸ್ವಲ್ಪ ಹೊತ್ತು ಸುಮ್ಮನೆ ಕುಳಿತು ಅವರ ಮಾತು ಕೇಳಿ ಬನ್ನಿ.