ಸುರುಳಿ ನಾಯಿಹಗ್ಗ

ಸುರುಳಿ ನಾಯಿಹಗ್ಗ ಅಥವಾ ರಿಟ್ರ್ಯಾಕ್ಟೆಬಲ್ ಲೀಶ್ ಎಂದರೆ ಹಿಡಿಯೊಳಗಿನ ಸ್ಪ್ರಿಂಗಿನ ನೆರವಿನಿಂದ ತಾನಾಗಿಯೇ ಉದ್ದವಾಗುವ ಮತ್ತು ಒಳಕ್ಕೆ ಸುತ್ತಿಕೊಳ್ಳುವ, ಸಾಕುನಾಯಿಯನ್ನು ಹೊರಗೆ ಕರೆದೊಯ್ಯಲು ಬಳಸುವ ಸಾಧನ. ನಾಯಿ ಮುಂದೆ ನಡೆದಂತೆ ಹಗ್ಗ ಬಿಚ್ಚಿಕೊಳ್ಳುತ್ತದೆ, ಹತ್ತಿರ ಬಂದಂತೆ ಸುತ್ತಿಕೊಳ್ಳುತ್ತದೆ. ನಾಯಿಗೆ ಓಡಾಡಲು ಹೆಚ್ಚಿನ ಅವಕಾಶ ದೊರೆಯುವುದು ಇದರ ಮುಖ್ಯ ಗುಣ. ಅದೇ ಕಾರಣದಿಂದ ನಾಯಿಯ ಮೇಲಿನ ಹಿಡಿತ ಕಡಿಮೆಯಾಗುವುದು ಇದರ ಮುಖ್ಯ ದೋಷ. ಈ ಸಾಧನ ಎಷ್ಟು ಉಪಯುಕ್ತ ಎಂಬುದು ಬಳಸುವ ಸ್ಥಳವನ್ನು ಬಹುಮಟ್ಟಿಗೆ ಅವಲಂಬಿಸಿದೆ. ಉತ್ತರ ಕನ್ನಡ ಜಿಲ್ಲೆಯ ಶಿರಸಿ, ಸಿದ್ದಾಪುರ ಮತ್ತು ಯಲ್ಲಾಪುರ ತಾಲ್ಲೂಕುಗಳಂತಹ ಕಾಡಂಚಿನ ಪ್ರದೇಶದಲ್ಲಿ ಇದು ವಿಶೇಷ ಎಚ್ಚರಿಕೆಯನ್ನು ಬೇಡುತ್ತದೆ.

ರಚನೆ ಮತ್ತು ಕಾರ್ಯವಿಧಾನ

ಸಾಧನದ ಹೊರಭಾಗವು ಗಟ್ಟಿ ಪ್ಲಾಸ್ಟಿಕ್ಕಿನ ಹಿಡಿ. ಅದರೊಳಗೆ ತಿರುಗುವ ಗಾಲಿಯೂ ಗಾಲಿಗೆ ಜೋಡಿಸಿದ ಚಪ್ಪಟೆ ಸುರುಳಿ ಸ್ಪ್ರಿಂಗೂ ಇರುತ್ತವೆ. ಬಡಗಿಗಳು ಬಳಸುವ ಉಕ್ಕಿನ ಅಳತೆಪಟ್ಟಿಯ ತತ್ತ್ವವೇ ಇಲ್ಲಿಯೂ ಇದೆ. ಹಗ್ಗ ಹೊರಬಂದಾಗ ಸ್ಪ್ರಿಂಗ್ ಬಿಗಿಯಾಗುತ್ತದೆ. ಎಳೆತ ಸಡಿಲಗೊಂಡಾಗ ಗಾಲಿಯನ್ನು ಹಿಂದಕ್ಕೆ ತಿರುಗಿಸುತ್ತದೆ. ಹೆಬ್ಬೆರಳಿಗೆ ಸಿಗುವಂತೆ ಇರುವ ಗುಂಡಿಯನ್ನು ಒತ್ತಿದರೆ ಹಗ್ಗ ನಿಲ್ಲುತ್ತದೆ. ಬೇಕಾದ ಉದ್ದದಲ್ಲಿ ಹಗ್ಗವನ್ನು ಸ್ಥಿರವಾಗಿ ನಿಲ್ಲಿಸುವ ಬೀಗವೂ ಇರುತ್ತದೆ. ಹಗ್ಗದ ತುದಿಯ ಲೋಹದ ಕೊಕ್ಕೆಯನ್ನು ನಾಯಿಯ ಕೊರಳಪಟ್ಟಿಗೆ ಅಥವಾ ಎದೆಪಟ್ಟಿಗೆ ಸಿಕ್ಕಿಸಲಾಗುತ್ತದೆ.

ಮಾರುಕಟ್ಟೆಯಲ್ಲಿ ತೆಳುವಾದ ದುಂಡು ದಾರದ ಮತ್ತು ಅಗಲವಾದ ಪಟ್ಟಿಯ ಎರಡು ಬಗೆಗಳು ದೊರೆಯುತ್ತವೆ. ಸಾಮಾನ್ಯ ಉದ್ದ 3ರಿಂದ 8 ಮೀಟರ್. ಪ್ರತಿ ಮಾದರಿಯೂ ಇಷ್ಟು ಕಿಲೋಗ್ರಾಂ ತೂಕದ ನಾಯಿಗೆ ಎಂಬ ಮಿತಿಯನ್ನು ಹೊಂದಿರುತ್ತದೆ.

ಇತಿಹಾಸ

ತಾನಾಗಿ ಸುತ್ತಿಕೊಳ್ಳುವ ನಾಯಿಹಗ್ಗಕ್ಕೆ ನ್ಯೂಯಾರ್ಕಿನ ಮೇರಿ ಎ. ಡೆಲಾನಿ ಎಂಬುವರು 1908ರಲ್ಲಿ ಪೇಟೆಂಟ್ ಪಡೆದರು. ಇಂದಿನ ರೂಪದ ಸಾಧನವನ್ನು ಜನಪ್ರಿಯಗೊಳಿಸಿದವರು ಜರ್ಮನಿಯ ಮಾನ್‌ಫ್ರೆಡ್ ಬೊಗ್ಡಾನ್. ಅವರು 1973ರಲ್ಲಿ ಆರಂಭಿಸಿದ ಫ್ಲೆಕ್ಸಿ ಸಂಸ್ಥೆಯ ಹೆಸರು ಅನೇಕ ದೇಶಗಳಲ್ಲಿ ಈ ಬಗೆಯ ಹಗ್ಗಕ್ಕೆ ಪರ್ಯಾಯ ಪದವಾಗಿಯೇ ಬಳಕೆಯಲ್ಲಿದೆ.

ಅನುಕೂಲಗಳು

ನಾಯಿಗೆ ಮೂಸಿ ನೋಡುವುದು ಸುತ್ತಲಿನ ಜಗತ್ತನ್ನು ಅರಿಯುವ ಮುಖ್ಯ ಮಾರ್ಗ. ಒಂದೂವರೆ ಮೀಟರಿನ ಹಗ್ಗದಲ್ಲಿ ಅದು ಒಡೆಯನ ಹೆಜ್ಜೆಯ ವೇಗಕ್ಕೆ ಕಟ್ಟುಬಿದ್ದಿರುತ್ತದೆ. ಉದ್ದ ಹಗ್ಗದಲ್ಲಿ ತನ್ನಿಷ್ಟದಂತೆ ನಿಂತು ಮೂಸಬಹುದು. ವೇಗವಾಗಿ ನಡೆಯಲಾರದ ವೃದ್ಧರು ಒಂದೆಡೆ ನಿಂತುಕೊಂಡೇ ನಾಯಿಗೆ ಸ್ವಲ್ಪ ವ್ಯಾಯಾಮ ಕೊಡಲು ಸಾಧ್ಯವಾಗುತ್ತದೆ. ಸಡಿಲ ಹಗ್ಗ ನೆಲದಲ್ಲಿ ಎಳೆದಾಡಿ ಕೆಸರಾಗುವುದಾಗಲಿ, ನಾಯಿಯ ಕಾಲಿಗೆ ಸುತ್ತಿಕೊಳ್ಳುವುದಾಗಲಿ ಕಡಿಮೆ. ತೂಕ ಕಡಿಮೆಯಿರುವ, ಶಾಂತ ಸ್ವಭಾವದ, ಕರೆದೊಡನೆ ಹಿಂದಿರುಗಲು ಕಲಿತ ನಾಯಿಗೆ ತೆರೆದ ಬಯಲಿನಲ್ಲಿ ಇದು ಒಳ್ಳೆಯ ಸಾಧನ.

ಅನನುಕೂಲಗಳು

ಮೊದಲನೆಯ ದೋಷ ತರಬೇತಿಗೆ ಸಂಬಂಧಿಸಿದುದು. ಸ್ಪ್ರಿಂಗಿನ ಎಳೆತದಿಂದಾಗಿ ಹಗ್ಗ ಯಾವಾಗಲೂ ಸ್ವಲ್ಪ ಬಿಗಿಯಾಗಿಯೇ ಇರುತ್ತದೆ. ಎಳೆದರೆ ಹಗ್ಗ ಉದ್ದವಾಗುತ್ತದೆ ಎಂಬುದನ್ನು ನಾಯಿ ಬೇಗ ಕಲಿಯುತ್ತದೆ. ಆದ್ದರಿಂದ ಮರಿಗಳಿಗೆ ನಡಿಗೆ ಕಲಿಸುವಾಗ ಇದನ್ನು ಬಳಸಬಾರದೆಂದು ತರಬೇತುದಾರರು ಸಾಮಾನ್ಯವಾಗಿ ಹೇಳುತ್ತಾರೆ.

ಎರಡನೆಯದು ಗಾಯದ ಅಪಾಯ. ಓಡುವ ನಾಯಿಯ ತೆಳು ದಾರ ಕೈಬೆರಳಿಗೆ ಅಥವಾ ಕಾಲಿಗೆ ಸುತ್ತಿಕೊಂಡರೆ ಚರ್ಮ ಸುಟ್ಟಂತೆ ಉಜ್ಜಿಹೋಗುತ್ತದೆ. ಆಳವಾದ ಕೊಯ್ತವೂ ಆಗಬಹುದು. ಕೊಕ್ಕೆ ಮುರಿದರೆ ಹಗ್ಗ ರಭಸದಿಂದ ಹಿಂದಕ್ಕೆ ಚಿಮ್ಮಿ ಮುಖಕ್ಕೆ ಬಡಿಯುತ್ತದೆ. ಇಂತಹ ದೋಷದ ಕಾರಣಕ್ಕೆ 2008ರಲ್ಲಿ ಅಮೆರಿಕದಲ್ಲಿ ಒಂದು ಮಾದರಿಯ ಹಗ್ಗಗಳನ್ನು ಮಾರುಕಟ್ಟೆಯಿಂದ ಹಿಂಪಡೆಯಲಾಯಿತು.

ಮೂರನೆಯದು ನಾಯಿಯ ಕೊರಳಿಗೆ ಬೀಳುವ ಜಗ್ಗು. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಓಡುವ ನಾಯಿಯು ಸುಮಾರು ಒಂದು ಸೆಕೆಂಡಿನಲ್ಲಿ 8 ಮೀಟರ್ ಹಗ್ಗದ ಕೊನೆಯನ್ನು ಮುಟ್ಟುತ್ತದೆ. ಗುಂಡಿ ಒತ್ತಬೇಕೆಂದು ಮನುಷ್ಯನಿಗೆ ಹೊಳೆಯುವಷ್ಟರಲ್ಲಿ ಬಹುಪಾಲು ದೂರ ಮುಗಿದಿರುತ್ತದೆ. ಆ ಹಠಾತ್ ನಿಲುಗಡೆಯಿಂದ ಕುತ್ತಿಗೆ ಮತ್ತು ಶ್ವಾಸನಾಳಕ್ಕೆ ಪೆಟ್ಟಾಗಬಹುದು. ಮುಧೋಳದಂತಹ ಓಟದ ತಳಿಗಳಿಗೆ ಈ ಸಾಧನ ತಕ್ಕುದಲ್ಲ. ಇದಲ್ಲದೆ, ಹಿಡಿ ಕೈಜಾರಿ ಬಿದ್ದರೆ ಅದು ಸದ್ದು ಮಾಡುತ್ತ ನಾಯಿಯ ಬೆನ್ನಟ್ಟಿದಂತೆ ಬರುತ್ತದೆ. ಬೆದರಿದ ನಾಯಿ ಇನ್ನಷ್ಟು ದೂರ ಓಡುತ್ತದೆ.

ಶಿರಸಿ, ಸಿದ್ದಾಪುರ, ಯಲ್ಲಾಪುರ ಪ್ರದೇಶದಲ್ಲಿ

ಈ ಮೂರು ತಾಲ್ಲೂಕುಗಳ ಹಳ್ಳಿಗಳಲ್ಲಿ ಮನೆಗಳು ಒತ್ತಾಗಿರದೆ ಅಡಿಕೆ ತೋಟ, ಗದ್ದೆ ಮತ್ತು ಸೊಪ್ಪಿನ ಬೆಟ್ಟಗಳ ನಡುವೆ ಚದುರಿಕೊಂಡಿವೆ. ಇಲ್ಲಿ ನಾಯಿ ಬಹುಮಟ್ಟಿಗೆ ಕಾವಲಿನ ಪ್ರಾಣಿ: ಹಗಲು ಸರಪಳಿಯಲ್ಲಿ ಕಟ್ಟಿ, ರಾತ್ರಿ ಬಿಡುವುದು ಹಳೆಯ ರೂಢಿ. ಅಂಗಳದ ಉದ್ದಕ್ಕೂ ತಂತಿ ಎಳೆದು, ಅದರ ಮೇಲೆ ಜಾರುವ ಉಂಗುರಕ್ಕೆ ಸರಪಳಿ ಸಿಕ್ಕಿಸುವ ಕ್ರಮವೂ ಇದೆ. ಸರಪಳಿಗೆ ಹೋಲಿಸಿದರೆ ಸುರುಳಿ ಹಗ್ಗ ಹಗುರ; ಆದರೆ ಇದು ಕೈಯಲ್ಲಿ ಹಿಡಿದು ನಡೆಯಲು ಇರುವುದೇ ಹೊರತು ಕಂಬಕ್ಕೆ ಕಟ್ಟಿಹಾಕಲು ಅಲ್ಲ. ಕಟ್ಟಿಟ್ಟರೆ ಸ್ಪ್ರಿಂಗ್ ಕೆಡುತ್ತದೆ, ದಾರವನ್ನು ನಾಯಿ ಕಡಿದುಹಾಕುತ್ತದೆ.

ಕಾಡಂಚಿನ ದಾರಿಯಲ್ಲಿ ಸುರುಳಿ ಹಗ್ಗದ ಅನುಕೂಲವೇ ತೊಡಕಾಗುತ್ತದೆ. ತಿರುವುಗಳಿಂದ ಕೂಡಿದ ಕಾಲುದಾರಿಯಲ್ಲಿ ಎಂಟು ಮೀಟರ್ ಮುಂದಿರುವ ನಾಯಿ ಒಡೆಯನ ಕಣ್ಣಿಗೆ ಕಾಣುವುದಿಲ್ಲ. ಪೊದೆಯೊಳಗಿನ ಹಾವು, ಮುಳ್ಳುಹಂದಿ ಅಥವಾ ಮರಿಗಳೊಡನಿರುವ ಕಾಡುಹಂದಿಯನ್ನು ನಾಯಿ ಮೊದಲು ತಲುಪುತ್ತದೆ. ದಾರ ಲಂಟಾನದ ಪೊದೆಗೆ ಸಿಕ್ಕಿಕೊಂಡರೆ ಹಿಂದೆ ಸರಿಯಲೂ ಆಗದು. ಚಿರತೆಗೆ ಸಾಕುನಾಯಿ ಸುಲಭದ ಬೇಟೆ. ಆದುದರಿಂದ ಮಬ್ಬುಗತ್ತಲೆಯಲ್ಲಿ ನಾಯಿಯನ್ನು ಉದ್ದ ಹಗ್ಗದಲ್ಲಿ ಮುಂದೆ ಬಿಡುವುದು ಅಪಾಯಕರ. ತೋಟದ ಕಾಲುಸಂಕದ ಮೇಲೆ ಹಗ್ಗ ಬಿಚ್ಚಿಕೊಂಡಿದ್ದರೆ ನಾಯಿಯ ಒಂದು ಜಗ್ಗಿಗೆ ಮನುಷ್ಯನೇ ಹಳ್ಳಕ್ಕೆ ಬೀಳಬಹುದು.

ಉಣ್ಣೆಗಳ ವಿಷಯವೂ ಗಂಭೀರವಾದುದು. ಮಂಗನ ಕಾಯಿಲೆ ಎಂದು ಹೆಸರಾದ ಕ್ಯಾಸನೂರು ಕಾಡಿನ ಕಾಯಿಲೆಯನ್ನು 1957ರಲ್ಲಿ ನೆರೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾಯಿತು. 2024ರ ಆರಂಭದಲ್ಲಿ ಸಿದ್ದಾಪುರ ತಾಲ್ಲೂಕಿನಲ್ಲಿ ಈ ಕಾಯಿಲೆಯ ಪ್ರಕರಣಗಳು ಕಂಡುಬಂದು ಸಾವುಗಳೂ ಸಂಭವಿಸಿದವು. ಕಾಯಿಲೆ ಹರಡುವುದು ಕಾಡಿನ ಉಣ್ಣೆಯ ಕಡಿತದಿಂದ, ನಾಯಿಯ ಕಡಿತದಿಂದಲ್ಲ. ಆದರೆ ತರಗೆಲೆಯ ನಡುವೆ ನುಗ್ಗಿ ಬಂದ ನಾಯಿಯ ಮೈಮೇಲೆ ಉಣ್ಣೆಗಳು ಮನೆಯವರೆಗೂ ಬರಬಹುದು. ನವೆಂಬರಿನಿಂದ ಮೇವರೆಗಿನ ಒಣ ತಿಂಗಳುಗಳಲ್ಲಿ ನಾಯಿಯನ್ನು ಗಿಡ್ಡ ಹಗ್ಗದಲ್ಲಿ, ದಾರಿಯ ನಡುವೆಯೇ ನಡೆಸುವುದು ಕ್ಷೇಮ. ನಾಯಿಗಳಿಗೇ ಮಾರಕವಾಗುವ ಬೇರೆ ಉಣ್ಣೆಜ್ವರಗಳೂ ಇರುವುದರಿಂದ, ತಿರುಗಾಟ ಮುಗಿದ ಮೇಲೆ ಕಿವಿ, ಕಂಕುಳು ಮತ್ತು ಬೆರಳಸಂದುಗಳನ್ನು ಪರೀಕ್ಷಿಸಬೇಕು.

ಪೇಟೆಯಲ್ಲಿ ಸಮಸ್ಯೆ ಬೇರೆ. ಶಿರಸಿಯ ಮಾರಿಕಾಂಬಾ ದೇವಸ್ಥಾನದ ಸುತ್ತಲಿನ ಜನದಟ್ಟಣೆಯಲ್ಲಾಗಲಿ, ಯಲ್ಲಾಪುರದ ಮೂಲಕ ಹಾಯುವ ಹುಬ್ಬಳ್ಳಿ–ಅಂಕೋಲಾ ಹೆದ್ದಾರಿಯ ಬದಿಯಲ್ಲಾಗಲಿ ಬಿಚ್ಚಿದ ಹಗ್ಗ ಪಾದಚಾರಿಗಳಿಗೂ ಬೈಕ್ ಸವಾರರಿಗೂ ಕಾಣದ ತಡೆಯಾಗುತ್ತದೆ. ಬೀದಿನಾಯಿಗಳು ಸುತ್ತುವರಿದಾಗ ನಾಯಿಯನ್ನು ಬೇಗ ಹತ್ತಿರಕ್ಕೆ ಸೆಳೆದುಕೊಳ್ಳುವುದೂ ಕಷ್ಟ, ಏಕೆಂದರೆ ಸ್ಪ್ರಿಂಗ್ ಸಡಿಲ ಹಗ್ಗವನ್ನು ಸುತ್ತಬಲ್ಲದೇ ವಿನಾ ನಾಯಿಯನ್ನು ಎಳೆಯಲಾರದು.

ಕಾನೂನು

1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ 11ನೆಯ ಕಲಮಿನ ಪ್ರಕಾರ ಪ್ರಾಣಿಯನ್ನು ಅತಿ ಗಿಡ್ಡ ಅಥವಾ ಅತಿ ಭಾರದ ಸರಪಳಿಯಲ್ಲಿ ಅಕಾರಣ ದೀರ್ಘಕಾಲ ಕಟ್ಟಿಡುವುದು ಅಪರಾಧ. ಸದಾ ಕಟ್ಟಿಹಾಕುವ ನಾಯಿಗೆ ತಕ್ಕಷ್ಟು ವ್ಯಾಯಾಮ ಕೊಡದಿರುವುದೂ ಅದೇ ಕಲಮಿನಡಿ ಅಪರಾಧವೇ. ಇನ್ನೊಂದೆಡೆ, ತನ್ನ ವಶದಲ್ಲಿರುವ ಪ್ರಾಣಿಯಿಂದ ಮನುಷ್ಯರಿಗೆ ಅಪಾಯವಾಗದಂತೆ ಎಚ್ಚರ ವಹಿಸದವರಿಗೆ ಭಾರತೀಯ ನ್ಯಾಯ ಸಂಹಿತೆಯ 291ನೆಯ ಕಲಮು ಆರು ತಿಂಗಳವರೆಗಿನ ಸೆರೆವಾಸ, 5,000 ರೂಪಾಯಿವರೆಗಿನ ದಂಡ ಅಥವಾ ಎರಡನ್ನೂ ವಿಧಿಸುತ್ತದೆ. ಹೀಗೆ ನಾಯಿಗೆ ಚಲನೆಯನ್ನೂ ಜನರಿಗೆ ರಕ್ಷಣೆಯನ್ನೂ ಒದಗಿಸುವ ಹೊಣೆ ಒಡೆಯನ ಮೇಲಿದೆ.

ಸುರಕ್ಷಿತ ಬಳಕೆ

ದಾರದ ಬದಲು ಅಗಲ ಪಟ್ಟಿಯ ಮಾದರಿಯನ್ನು, ನಾಯಿಯ ತೂಕಕ್ಕೆ ಹೊಂದುವಂತೆ ಆರಿಸಬೇಕು. ಕೊಕ್ಕೆಯನ್ನು ಕೊರಳಪಟ್ಟಿಗಿಂತ ಎದೆಪಟ್ಟಿಗೆ ಸಿಕ್ಕಿಸುವುದು ಮೇಲು. ಬಿಚ್ಚಿಕೊಳ್ಳುತ್ತಿರುವ ಹಗ್ಗವನ್ನು ಬರಿಗೈಯಲ್ಲಿ ಹಿಡಿಯಬಾರದು. ಮಕ್ಕಳ ಕೈಗೆ ಕೊಡಬಾರದು. ರಸ್ತೆ, ಸಂಕ, ತಿರುವು ಮತ್ತು ಜನಸಂದಣಿ ಬಂದಾಗ ಹಗ್ಗವನ್ನು ಮೊದಲೇ ಗಿಡ್ಡಗೊಳಿಸಿ ಬೀಗ ಹಾಕಬೇಕು. ಮಲೆನಾಡಿನ ಮಳೆಗಾಲದಲ್ಲಿ ಒದ್ದೆ ಪಟ್ಟಿಯನ್ನು ಹಾಗೆಯೇ ಸುತ್ತಿಟ್ಟರೆ ಪಟ್ಟಿಗೆ ಬೂಷ್ಟು, ಸ್ಪ್ರಿಂಗಿಗೆ ತುಕ್ಕು ಹಿಡಿಯುತ್ತದೆ. ಪೂರ್ತಿ ಹೊರಗೆಳೆದು, ಬೀಗ ಹಾಕಿ ಒಣಗಿಸಬೇಕು. ಹಗ್ಗದ ಎಳೆ ಬಿಟ್ಟಿರುವುದು ಕಂಡರೆ ಆ ಸಾಧನವನ್ನು ಮುಂದೆ ಬಳಸಬಾರದು.

ಪರ್ಯಾಯಗಳು

ಪೇಟೆ ಮತ್ತು ಕಾಡುದಾರಿಗೆ ಒಂದೂವರೆಯಿಂದ ಎರಡು ಮೀಟರ್ ಉದ್ದದ ಸಾಮಾನ್ಯ ನೈಲಾನ್ ಅಥವಾ ಹತ್ತಿಯ ಪಟ್ಟಿ ಸಾಕಾಗುತ್ತದೆ. ಕೊಯ್ಲು ಮುಗಿದ ಗದ್ದೆಬಯಲಿನಲ್ಲಿ, ಸ್ಪ್ರಿಂಗಿಲ್ಲದ 5ರಿಂದ 10 ಮೀಟರಿನ ಉದ್ದ ಹಗ್ಗವನ್ನು ಎದೆಪಟ್ಟಿಗೆ ಕಟ್ಟಿ ನಾಯಿಯನ್ನು ಆಡಿಸಬಹುದು. ಸುತ್ತಲಿನ ನೆಲ ಕಣ್ಣಿಗೆ ನಿಚ್ಚಳವಾಗಿ ಕಾಣುವಷ್ಟು ದೂರಕ್ಕೆ ಮಾತ್ರ ಹಗ್ಗ ಬಿಡಬೇಕೆಂಬುದು ಎಲ್ಲ ಬಗೆಯ ಹಗ್ಗಕ್ಕೂ ಅನ್ವಯಿಸುವ ನಿಯಮ.